ಕಂಡದ್ದು ಮೊದಲು, ಅರ್ಥ ಆಮೇಲೆ

ಮಾನ್ಯ ಕೇಳುಗರೇ, ನಮಸ್ಕಾರ.

ಮಾತಿಲ್ಲದ ಸಂವಹನದ ಕುರಿತು ಹತ್ತು ನಿಮಿಷ ಮಾತಾಡಿ ಎಂದು ಬಾನುಲಿಯವರು ನನ್ನನ್ನು ಕರೆದದ್ದೇ ಒಂದು ತಮಾಷೆ. ನನ್ನ ಕೈಗಳು ಇಲ್ಲಿ ಎಷ್ಟೇ ಆಡಿದರೂ, ಬದಿಯಡ್ಕದಲ್ಲೋ ಪೆರ್ಲದಲ್ಲೋ ಜಗಲಿಯಲ್ಲಿ ಕುಳಿತು ಅಡಿಕೆ ಸುಲಿಯುತ್ತ ಈ ಮಾತು ಕೇಳುತ್ತಿರುವ ನಿಮಗೆ ಅದು ಕಾಣುವಂತಿಲ್ಲ. ಆದರೂ ಕೈಗಳು ಆಡುತ್ತಲೇ ಇವೆ. ಫೋನಿನಲ್ಲಿ ಯಾರಿಗಾದರೂ ಮನೆಯ ದಾರಿ ಹೇಳುವಾಗ ನಿಮ್ಮ ಕೈಯೂ ಗಾಳಿಯಲ್ಲಿ ಎಡಕ್ಕೆ ತಿರುಗಿ ಏರು ಹತ್ತುತ್ತದೆಯಲ್ಲ, ಹಾಗೆಯೇ.

ಮನಶ್ಶಾಸ್ತ್ರದ ಮೇಷ್ಟರೆಂದು ತಿಳಿದ ಕೂಡಲೇ, ಮದುವೆಯ ಚಪ್ಪರದಲ್ಲಿ ಊಟಕ್ಕೆ ಕುಳಿತಾಗಲೂ, ಜನರು ನನ್ನನ್ನು ಕೇಳುವ ಪ್ರಶ್ನೆ ಒಂದೇ: ಮುಖ ನೋಡಿ ಮನಸ್ಸನ್ನು ಓದುವುದು ಹೇಗೆ? ನನ್ನ ಉತ್ತರವೂ ಒಂದೇ. ಓದಲು ಹೋಗಬೇಡಿ, ಕಂಡದ್ದನ್ನು ಮೊದಲು ಬರೆದುಕೊಳ್ಳಿ, ಅರ್ಥ ಹಚ್ಚುವುದು ಆಮೇಲೆ. ಒಂದು ನೋಟ್ ಪುಸ್ತಕ ತೆಗೆದುಕೊಂಡು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಬದಿಯಲ್ಲಿ ಕಣ್ಣಿಗೆ ಕಂಡದ್ದು, ಬಲಬದಿಯಲ್ಲಿ ನಿಮ್ಮ ಊಹೆ. ಈ ಎರಡನ್ನು ಬೆರೆಸದೆ ಇರುವುದನ್ನು ಕಲಿತರೆ ಈ ಶಾಸ್ತ್ರದ ಮುಕ್ಕಾಲು ಪಾಲು ಕಲಿತಂತೆ.

ಅಡಿಕೆ ಅಂಗಡಿಯಲ್ಲಿ ವ್ಯಾಪಾರಿಯು ನಿಮ್ಮ ಗೋಣಿಯೊಳಗೆ ಕೈ ಇಳಿಸಿ ಒಂದು ಹಿಡಿ ತೆಗೆಯುತ್ತಾನೆ, ಅಂಗೈಯಲ್ಲಿ ಕುಲುಕಿ ಸದ್ದು ಕೇಳುತ್ತಾನೆ, ಒಂದನ್ನು ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾನೆ, ಬಳಿಕ ಏನೂ ಹೇಳದೆ ತುಟಿಯನ್ನು ಒಂದು ಬದಿಗೆ ಎಳೆದು ಉಳಿದದ್ದನ್ನು ಗೋಣಿಗೆ ಸುರಿಯುತ್ತಾನೆ. ಮನೆಗೆ ಬಂದು ನೀವು, "ಅವನಿಗೆ ನಮ್ಮ ಅಡಿಕೆ ಹಿಡಿಸಲಿಲ್ಲ" ಎನ್ನುತ್ತೀರಿ. ಅದು ಬಲಬದಿಗೆ ಸೇರುವ ಮಾತು. "ಕತ್ತರಿಸಿದ ಅಡಿಕೆ ನೋಡಿದ ಬಳಿಕ ತುಟಿ ಎಳೆದ" ಎಂಬಷ್ಟೇ ಎಡಬದಿಯ ಮಾತು. ಇನ್ನು ಪರೀಕ್ಷೆ: ಮುಂದಿನ ವಾರ ಅರ್ಧ ಗಂಟೆ ಅದೇ ಅಂಗಡಿಯ ಬೆಂಚಿನಲ್ಲಿ ಕುಳಿತು, ಬೇರೆಯವರ ಹತ್ತು ಗೋಣಿಗಳಿಗೆ ಆತ ಏನು ಮಾಡುತ್ತಾನೆಂದು ನೋಡಿ. ಹತ್ತಕ್ಕೂ ತುಟಿ ಎಳೆದನೆಂದರೆ ಅದು ಆತನ ಅಭ್ಯಾಸ, ನಿಮ್ಮ ಅಡಿಕೆಯ ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಈ ತಪ್ಪನ್ನು ನಾನೂ ಮಾಡಿದವನೇ. ನಮ್ಮವರು ತಲೆಯನ್ನು ಹೆಗಲಿನಿಂದ ಹೆಗಲಿಗೆ ತೂಗುವುದನ್ನು ಒಪ್ಪಿಗೆಯ ಗುರುತೆಂದು ತರಗತಿಯಲ್ಲಿ ವರ್ಷಗಟ್ಟಲೆ ಹೇಳಿಕೊಡುತ್ತ ಬಂದೆ. ನಿವೃತ್ತನಾದ ಮೇಲೆ ಒಂದು ಬ್ಯಾಂಕಿನ ಬೆಂಚಿನಲ್ಲಿ ಕೆಲವು ಬೆಳಗ್ಗೆ ಕುಳಿತು, ತಲೆ ತೂಗಿದಾಗಲೆಲ್ಲ ಅದಕ್ಕೆ ಮೊದಲು ಯಾವ ಮಾತು ಬಂತು, ಆಮೇಲೆ ತೂಗಿದವರು ಏನು ಮಾಡಿದರು ಎಂದು ಬರೆಯತೊಡಗಿದೆ. "ನಿಮ್ಮ ಅರ್ಜಿ ಬಂದೇ ಇಲ್ಲ" ಎಂದಾಗಲೂ ತಲೆ ತೂಗಿತು. ತೂಗಿದವರೇ ಮರುಗಳಿಗೆಯಲ್ಲಿ ಜಗಳಕ್ಕೆ ನಿಂತರು. ಆ ತೂಗಾಟ ಅನೇಕ ಸಲ "ಕೇಳಿಸಿತು, ಮುಂದೆ ಹೇಳಿ" ಎಂಬಷ್ಟಕ್ಕೇ ಸಲ್ಲುತ್ತದೆ. ಮೊದಲೇ ಬರೆದು ನೋಡಿದ್ದರೆ ಅಷ್ಟು ಮಕ್ಕಳಿಗೆ ತಪ್ಪು ಪಾಠ ಹೇಳುತ್ತಿರಲಿಲ್ಲ.

ಇಲ್ಲಿ ಒಂದು ಕುದುರೆಯ ಕತೆಯನ್ನು ಹೇಳಲೇಬೇಕು. ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಕೇಳುತ್ತಿದ್ದರೆ ಅವರು ಈಗ ನಗುತ್ತಿರಬಹುದು, ನಗಲಿ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಬರ್ಲಿನ್ ನಗರದಲ್ಲಿ ವಿಲ್‌ಹೆಲ್ಮ್ ಫಾನ್ ಓಸ್ಟೆನ್ ಎಂಬ ನಿವೃತ್ತ ಗಣಿತದ ಮೇಷ್ಟರಿದ್ದರು. ಅವರು ತಮ್ಮ ಕುದುರೆಗೆ, ಅದರ ಹೆಸರು ಹಾನ್ಸ್, ಮಕ್ಕಳಿಗೆ ಕಲಿಸುವಂತೆಯೇ ತಾಳ್ಮೆಯಿಂದ ಲೆಕ್ಕ ಕಲಿಸಿದರು. ಮೂರೂ ನಾಲ್ಕೂ ಸೇರಿದರೆ ಎಷ್ಟು ಎಂದು ಕೇಳಿದರೆ ಹಾನ್ಸ್ ಗೊರಸನ್ನು ಏಳು ಸಲ ನೆಲಕ್ಕೆ ತಟ್ಟಿ ನಿಲ್ಲಿಸುತ್ತಿತ್ತು. ಕೂಡುವುದು, ಕಳೆಯುವುದು ಮಾತ್ರವಲ್ಲ, ಭಿನ್ನರಾಶಿಗೂ ಉತ್ತರ ಸಿದ್ಧ. ಮೇಷ್ಟರು ನೋಡಬಂದವರಿಂದ ಕಾಸು ಪಡೆಯುತ್ತಿರಲಿಲ್ಲ, ಆದುದರಿಂದ ಮೋಸವೆನ್ನಲು ಕಾರಣವೂ ಇರಲಿಲ್ಲ. 1904ರಲ್ಲಿ ಮನಶ್ಶಾಸ್ತ್ರಜ್ಞ ಕಾರ್ಲ್ ಸ್ಟುಂಫ್ ಅವರ ಮುಂದಾಳುತನದಲ್ಲಿ ಒಂದು ಮಂಡಳಿಯೇ ಕುಳಿತು ಪರೀಕ್ಷಿಸಿತು. ಸರ್ಕಸ್ಸು ನಡೆಸುವವರೂ ಅದರಲ್ಲಿದ್ದರು. ಕಣ್ಕಟ್ಟು ಏನೂ ಇಲ್ಲವೆಂದು ಅವರೆಲ್ಲ ಬರೆದುಕೊಟ್ಟರು.

ಸ್ಟುಂಫ್ ಅವರ ಶಿಷ್ಯ ಓಸ್ಕರ್ ಫುಂಗ್ಸ್ಟ್ ಅಷ್ಟಕ್ಕೇ ಬಿಡಲಿಲ್ಲ. ಆತ ಮಾಡಿದ್ದು ಬಹಳ ಸರಳವಾದ ಕೆಲಸ: ಪ್ರತಿ ಸಲವೂ ಒಂದೇ ಒಂದು ಸಂಗತಿಯನ್ನು ಬದಲಿಸಿ ನೋಡಿದ. ಅಂಕಿ ಬರೆದ ಹಲಗೆಯನ್ನು ಪ್ರಶ್ನೆ ಕೇಳುವವನು ನೋಡದೆ ಕುದುರೆಗೆ ಮಾತ್ರ ತೋರಿಸಿದರೆ, ಅಂದರೆ ಕೇಳುವವನಿಗೇ ಉತ್ತರ ತಿಳಿಯದಿದ್ದರೆ, ಹಾನ್ಸನ ಲೆಕ್ಕ ದಿಕ್ಕುತಪ್ಪುತ್ತಿತ್ತು. ಕಣ್ಣಿನ ಬದಿಗೆ ಮರೆ ಕಟ್ಟಿ ಕೇಳುವವನು ಕಾಣದಂತೆ ಮಾಡಿದರೂ ಅದೇ ಗತಿ. ಹಾಗಾದರೆ ಕುದುರೆ ಓದುತ್ತಿದ್ದದ್ದು ಹಲಗೆಯನ್ನಲ್ಲ, ಮನುಷ್ಯನನ್ನು! ಪ್ರಶ್ನೆ ಕೇಳಿದವನು ಗೊರಸನ್ನು ನೋಡಲೆಂದು ತನಗರಿವಿಲ್ಲದೆ ತುಸು ಮುಂದೆ ಬಾಗುತ್ತಿದ್ದ. ಹಾನ್ಸ್ ತಟ್ಟಲು ತೊಡಗುತ್ತಿತ್ತು. ಸರಿಯಾದ ಎಣಿಕೆ ಬಂದ ಕೂಡಲೇ ಅವನ ಬಿಗಿ ಸಡಿಲಗೊಂಡು ತಲೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು, ಹಾನ್ಸ್ ನಿಲ್ಲಿಸುತ್ತಿತ್ತು. ಅಷ್ಟು ಜನ ದೊಡ್ಡವರು ಸುತ್ತ ನಿಂತು ಕಾಣದೆ ಹೋದದ್ದನ್ನು ಕುದುರೆ ಕಂಡಿತ್ತು.

ನನಗೆ ಇಂದಿಗೂ ರೋಮಾಂಚನವಾಗುವುದು ಇದರ ಮುಂದಿನ ಭಾಗ. ಗುಟ್ಟು ತಿಳಿದ ಮೇಲೆ ಫುಂಗ್ಸ್ಟ್ ತಾನೇ ಪ್ರಶ್ನೆ ಕೇಳುತ್ತ ತಲೆಯನ್ನು ಅಲ್ಲಾಡಿಸದೆ ಹಿಡಿದು ನೋಡಿದ. ಆಗಲಿಲ್ಲ. ತಿಳಿದೂ ತಡೆಯಲಾಗಲಿಲ್ಲ. ಆಮೇಲೆ ತಾನೇ ಕುದುರೆಯ ಸ್ಥಾನದಲ್ಲಿ ಕುಳಿತ: ಎದುರಿಗಿದ್ದವರಿಗೆ ಮನಸ್ಸಿನಲ್ಲಿ ಒಂದು ಸಂಖ್ಯೆ ನೆನೆಯಲು ಹೇಳಿ, ಅವರ ತಲೆಯನ್ನೇ ನೋಡುತ್ತ ಕೈಯಿಂದ ತಟ್ಟಿ, ಎಲ್ಲಿ ನಿಲ್ಲಿಸಬೇಕೆಂದು ಕಂಡುಕೊಂಡ. 1907ರಲ್ಲಿ ಇದೆಲ್ಲವನ್ನೂ ಪ್ರಕಟಿಸಿದ. ಮೇಷ್ಟರು ಮಾತ್ರ ಒಪ್ಪಲಿಲ್ಲ; 1909ರಲ್ಲಿ ತೀರಿಕೊಂಡರು.

ಈ ಕತೆಯಿಂದ ನಿಮ್ಮ ನೋಟ್ ಪುಸ್ತಕಕ್ಕೆ ಒಂದು ನಿಯಮ ಸಿಗುತ್ತದೆ. ನಿಮ್ಮ ಊಹೆ ಏನೆಂದು ತಿಳಿದವರಿಂದ ಎಣಿಕೆ ಮಾಡಿಸಬೇಡಿ. ಅತ್ತೆ ಸಿಟ್ಟಾದಾಗ ಪಾತ್ರೆಯ ಸದ್ದು ಹೆಚ್ಚುತ್ತದೆಯೇ ಎಂದು ಪರೀಕ್ಷಿಸಬೇಕಾದರೆ, ಸಿಟ್ಟಿನ ಸುದ್ದಿಯೇ ಗೊತ್ತಿಲ್ಲದ ಪಕ್ಕದ ಮನೆಯ ಹುಡುಗನನ್ನು ಕೂರಿಸಿ ಸದ್ದು ಎಣಿಸಲು ಹೇಳಿ. ನೀವೇ ಎಣಿಸಿದರೆ ಸಿಟ್ಟಿನ ದಿನ ಎರಡು ಸದ್ದು ಹೆಚ್ಚೇ ಕೇಳಿಸುತ್ತದೆ.

ಕುದುರೆ ಬಹಳ ಸಮಯ ತಿಂದಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ಕುಂಬಳೆ ದಾಟುವಷ್ಟರಲ್ಲಿ ಹೆಗಲಿಗೆ ಹೆಗಲು ತಾಗುತ್ತದೆ. ಎಡ್ವರ್ಡ್ ಹಾಲ್ ಎಂಬ ಮಾನವಶಾಸ್ತ್ರಜ್ಞರು 1966ರಲ್ಲಿ, ಅಮೆರಿಕದವರನ್ನು ನೋಡಿ, ಸುಮಾರು 45 ಸೆಂಟಿಮೀಟರಿಗಿಂತ ಒಳಗಿನ ಅಂತರ ತೀರ ಆಪ್ತರಿಗೆ ಮೀಸಲೆಂದು ಬರೆದರು. ನಮ್ಮ ಬಸ್ಸಿನಲ್ಲಿ ಆ ಅಂತರದೊಳಗೆ ಮೂವರು ಅಪರಿಚಿತರಿರುತ್ತಾರೆ. ಆಗ ಏನಾಗುತ್ತದೆ? ಕಣ್ಣುಗಳು ಕಿಟಕಿಗೆ ಹೋಗುತ್ತವೆ. ಹತ್ತಿರ ಬಂದಷ್ಟೂ ನೋಟ ಕಡಿಮೆಯಾಗುತ್ತದೆಂದು ಮನಶ್ಶಾಸ್ತ್ರಜ್ಞರಾದ ಮೈಕೆಲ್ ಆರ್ಗೈಲ್ ಮತ್ತು ಜ್ಯಾನೆಟ್ ಡೀನ್ 1965ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಬಸ್ಸು ನಿಲ್ದಾಣದಲ್ಲಿ ಎರಡು ಮಾರು ದೂರ ನಿಂತು ನಿಮ್ಮನ್ನು ನೇರ ನೋಡಿ ಮಾತಾಡಿದ ಪರಿಚಿತರೇ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತಾಗ ಎಷ್ಟು ಸಲ ನಿಮ್ಮ ಮುಖ ನೋಡಿದರೆಂದು ಎಣಿಸಿ; ತಲಪಾಡಿ ಬರುವುದರೊಳಗೆ ಉತ್ತರ ಸಿಗುತ್ತದೆ.

ವೇಷವಿಲ್ಲದೆ ಕುಳಿತು ಹಾಡು ಮಾತುಗಳಲ್ಲೇ ನಡೆಸುವ ಯಕ್ಷಗಾನಕ್ಕೆ, ಅಂದರೆ ತಾಳಮದ್ದಳೆಗೆ, ಹೋಗುವವರಿಗೆ ಇನ್ನೂ ಒಳ್ಳೆಯ ಅವಕಾಶವಿದೆ. ಮಾತಾಡುವವನು ತನ್ನ ಸರದಿ ಮುಗಿಯುತ್ತ ಬಂದಾಗ ಎದುರಿನವನತ್ತ ದೃಷ್ಟಿ ತಿರುಗಿಸುತ್ತಾನೆಂದು ಸಂಶೋಧಕ ಆಡಂ ಕೆಂಡನ್ 1967ರಲ್ಲಿ ತೋರಿಸಿದರು. ಪಾತ್ರವಾಗಿ ಮಾತಾಡುವ ನಮ್ಮ ಅರ್ಥಧಾರಿಗಳು ಹಾಗೆ ಮಾಡುತ್ತಾರೆಯೇ? ಪದ ಹಾಡುವ ಭಾಗವತರ ಕೈ ಜಾಗಟೆಯತ್ತ ಸರಿಯುವುದು ಕೊನೆಯ ವಾಕ್ಯದ ಮೊದಲೋ ಆಮೇಲೋ? ಒಂದು ರಾತ್ರಿ ಮಾತಿನ ಅರ್ಥವನ್ನು ಬಿಟ್ಟು ಬರಿಯ ಕೈಯನ್ನೂ ಕಣ್ಣನ್ನೂ ನೋಡಿ ಬರೆಯಿರಿ. ಕಷ್ಟ, ಮಾತು ಸೆಳೆದುಕೊಳ್ಳುತ್ತದೆ.

ಇನ್ನು ಸುಳ್ಳನ್ನು ಕಣ್ಣಿನಲ್ಲೇ ಹಿಡಿಯುತ್ತೇವೆ ಎನ್ನುವವರಿಗೆ ಒಂದು ಮಾತು. ಅಂತಹ ನೂರಾರು ಪರೀಕ್ಷೆಗಳ ಫಲಿತಾಂಶವನ್ನು 2006ರಲ್ಲಿ ಒಟ್ಟುಗೂಡಿಸಿದಾಗ, ಸತ್ಯ ಯಾವುದು, ಸುಳ್ಳು ಯಾವುದು ಎಂದು ಜನರು ಸರಿಯಾಗಿ ಹೇಳಿದ್ದು ನೂರರಲ್ಲಿ 54 ಸಲ. ನಾಣ್ಯ ಚಿಮ್ಮಿದರೆ 50 ಬರುತ್ತದೆ. ಸಂವಹನದಲ್ಲಿ ನೂರರಲ್ಲಿ 93 ಪಾಲು ಮಾತಿಲ್ಲದ್ದು ಎಂದು ಭಾಷಣ ಬಿಗಿಯುವವರನ್ನೂ ದಯವಿಟ್ಟು ನಂಬಬೇಡಿ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಅವರು 1967ರಲ್ಲಿ ಬಿಡಿ ಶಬ್ದಗಳಲ್ಲಿ ಇಷ್ಟ ಅನಿಷ್ಟಗಳನ್ನು ಮಾತ್ರ ಅಳೆದ ಪ್ರಯೋಗಗಳಿಂದ ಎಳೆದು ತಂದ ಅಂಕಿ ಅದು. 93 ಪಾಲು ಮಾತಿಲ್ಲದ್ದೇ ಆಗಿದ್ದರೆ ನೀವು ಇಷ್ಟು ಹೊತ್ತು ಈ ಪೆಟ್ಟಿಗೆಯಿಂದ ಏನು ಕೇಳಿಸಿಕೊಂಡಿರಿ?

ಇಂದು ರಾತ್ರಿಯೇ ತೊಡಗಬಹುದಾದ ಪರೀಕ್ಷೆ ಇದು. ನೀವು ಎಂದೂ ನೋಡದ ಒಂದು ಧಾರಾವಾಹಿಯನ್ನು ಮೊಬೈಲಿನಲ್ಲಿ ಹಾಕಿ, ಧ್ವನಿಯನ್ನು ಪೂರ್ತಿ ತಗ್ಗಿಸಿ ಎರಡು ನಿಮಿಷ ನೋಡಿ. ಎಡಬದಿಯಲ್ಲಿ ಯಾರ ಕೈ, ಹುಬ್ಬು, ಹೆಜ್ಜೆ ಏನು ಮಾಡಿತೆಂಬುದನ್ನು ಬರೆಯಿರಿ. ಅದು ಮುಗಿದ ಮೇಲೆಯೇ ಬಲಬದಿಗೆ ಬನ್ನಿ. ಬಳಿಕ ಅದೇ ಎರಡು ನಿಮಿಷವನ್ನು ಧ್ವನಿಯೊಂದಿಗೆ ನೋಡಿ, ಬಲಬದಿಯಲ್ಲಿ ತಪ್ಪಿದ್ದಕ್ಕೆಲ್ಲ ಕೆಂಪು ಗೀಟು ಹಾಕಿ. ಮನೆಯಲ್ಲಿ ಇಬ್ಬರು ಬೇರೆ ಬೇರೆ ಕುಳಿತು ಬರೆದರೆ ಇನ್ನೂ ಒಳ್ಳೆಯದು, ಒಬ್ಬರ ಹಾಳೆಯನ್ನು ಇನ್ನೊಬ್ಬರು ಇಣುಕಬಾರದು.

ನಮಸ್ಕಾರ.