ಹಳೆಯ ಪಂಪ್ ಏರ್‌ಗನ್ನಿನ ಗಾಳಿ ಸೋರಿಕೆ

ಕೇಳುಗರಿಗೆ ನಮಸ್ಕಾರ.

ಜಾತ್ರೆಯಲ್ಲಿ ಬಲೂನು ಒಡೆಯಲು ಕೊಡುವ ಏರ್‌ಗನ್ನನ್ನು ನೀವೆಲ್ಲ ನೋಡಿರುತ್ತೀರಿ. ನಳಿಗೆಯನ್ನು ಬಗ್ಗಿಸಿದಾಗ ಒಳಗಿನ ಸ್ಪ್ರಿಂಗ್ ಹಿಂದೆ ಸರಿದು ಸಿಕ್ಕಿಕೊಳ್ಳುತ್ತದೆ, ಟ್ರಿಗರ್ ಒತ್ತಿದಾಗ ಅದು ಮುಂದೆ ನುಗ್ಗಿ ಗಾಳಿಯನ್ನು ದೂಡುತ್ತದೆ. ಇಂದಿನ ವಿಷಯ ಅದಲ್ಲ. ಪಂಪ್ ಏರ್‌ಗನ್ನಿನಲ್ಲಿ ನಳಿಗೆಯ ಕೆಳಗಿನ ಸನ್ನೆಯನ್ನು ಹಲವು ಸಲ ತೆರೆದು ಮುಚ್ಚಿ, ಗಾಳಿಯನ್ನು ಒಂದು ಸಣ್ಣ ಕೋಣೆಯೊಳಗೆ ಒತ್ತಿ ತುಂಬಬೇಕಾಗುತ್ತದೆ. ಅಮೆರಿಕದಲ್ಲಿ 1902ರಲ್ಲಿ ಆರಂಭವಾದ ಬೆಂಜಮಿನ್ ಕಂಪನಿಯ ಹಲವು ಬಂದೂಕುಗಳು ಮತ್ತು ಅನಂತರ ಬಂದ ಶೆರಿಡನ್ ಬಂದೂಕುಗಳು ಈ ಜಾತಿಯವು. ಇಂಥ ಹಳೆಯ ಬಂದೂಕೊಂದು ನಮ್ಮ ಭಾಗದ ಯಾವುದಾದರೂ ವಾಡೆಯ ಅಟ್ಟದಲ್ಲಿ ಸಿಕ್ಕರೆ, ಅದರ ಹಿತ್ತಾಳೆ ಗಟ್ಟಿಯಾಗಿಯೇ ಇರುತ್ತದೆ; ಕೈಕೊಟ್ಟಿರುವುದು ಚರ್ಮ ಮತ್ತು ರಬ್ಬರು.

ರಿಪೇರಿಗಿಂತ ಮೊದಲು ಕಾಯಿದೆಯ ಒಂದು ಮಾತು. ನಮ್ಮ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 0.177 ಇಂಚಿಗಿಂತ ದೊಡ್ಡ ರಂಧ್ರದ, ಅಥವಾ 20 ಜೂಲ್‌ಗಿಂತ ಹೆಚ್ಚು ಶಕ್ತಿಯ ಏರ್‌ಗನ್ನಿಗೆ ಲೈಸೆನ್ಸ್ ಬೇಕು. 0.177 ಇಂಚು ಎಂದರೆ ಸುಮಾರು ನಾಲ್ಕೂವರೆ ಮಿಲಿಮೀಟರ್. ಶೆರಿಡನ್ನಿನ ರಂಧ್ರ 5 ಮಿಲಿಮೀಟರ್ ಆದ್ದರಿಂದ ಅದು ಈ ಮಿತಿಯನ್ನು ದಾಟುತ್ತದೆ.

ಸೋರಿಕೆ ಎಲ್ಲಿದೆ ಎಂದು ತಿಳಿಯದೆ ಬಂದೂಕನ್ನು ಬಿಚ್ಚುವುದು ನನಗೆ ಒಪ್ಪಿಗೆಯಿಲ್ಲದ ಕೆಲಸ. ಒಳಗಿನ ವ್ಯವಸ್ಥೆ ಸರಳವಾಗಿದೆ. ಸನ್ನೆಯನ್ನು ಮುಚ್ಚಿದಾಗ ಪಿಸ್ಟನ್ನಿನ ತುದಿಯಲ್ಲಿರುವ ಬಟ್ಟಲಿನಾಕಾರದ ವಾಷರು ಗಾಳಿಯನ್ನು ಮುಂದೆ ನೂಕುತ್ತದೆ. ಒಳಬರುವ ವಾಲ್ವು ಅದನ್ನು ಕೋಣೆಯೊಳಗೆ ಬಿಟ್ಟುಕೊಂಡು ಹಿಂದಿರುಗದಂತೆ ತಡೆಯುತ್ತದೆ. ಹೊರಹೋಗುವ ವಾಲ್ವು ಟ್ರಿಗರ್ ಒತ್ತುವವರೆಗೆ ಬಾಗಿಲು ಹಾಕಿಕೊಂಡಿರುತ್ತದೆ. ಎಷ್ಟು ಸಲ ಪಂಪ್ ಮಾಡಿದರೂ ಸನ್ನೆ ಬಿಗಿಯಾಗದಿದ್ದರೆ ವಾಷರು ಒಣಗಿದೆ ಅಥವಾ ಸವೆದಿದೆ ಎಂದರ್ಥ. ಮುಚ್ಚಿದ ಸನ್ನೆ ತಾನಾಗಿಯೇ ಹಿಂದಕ್ಕೆ ತೆರೆದುಕೊಂಡರೆ ತಪ್ಪು ಒಳಬರುವ ವಾಲ್ವಿನದು. ಪಂಪ್ ಸರಿಯಾಗಿ ಏರಿಯೂ ಸ್ವಲ್ಪ ಹೊತ್ತಿನಲ್ಲಿ ಗಾಳಿ ಇಳಿದುಹೋದರೆ, ಪೆಲೆಟ್, ಅಂದರೆ ಏರ್‌ಗನ್ನಿನ ಸಣ್ಣ ಗುಂಡು, ಇಲ್ಲದ ನಳಿಗೆಯ ಬಾಯಿಗೆ ಒಂದು ಬಲೂನನ್ನು ಸಿಕ್ಕಿಸಿ ನೋಡಬೇಕು. ಅದು ಮೆಲ್ಲಗೆ ಉಬ್ಬಿದರೆ ಹೊರಹೋಗುವ ವಾಲ್ವು ಸೋರುತ್ತಿದೆ. ಬೆರಳಿಟ್ಟೋ ಕಣ್ಣಿಟ್ಟೋ ನಳಿಗೆಯನ್ನು ಪರೀಕ್ಷಿಸುವುದು ಮಾತ್ರ ಎಂದಿಗೂ ಕೂಡದು.

ಎಷ್ಟೋ ಸಲ ಬಿಚ್ಚುವ ಅಗತ್ಯವೇ ಬೀಳುವುದಿಲ್ಲ. ವಾಷರಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ಒಂದು ರಾತ್ರಿ ಹಾಗೆಯೇ ಇಟ್ಟು, ಮರುದಿನ ಗಾಳಿ ತುಂಬಿ ಸುರಕ್ಷಿತ ದಿಕ್ಕಿನಲ್ಲಿ ಕೆಲವು ಬಾರಿ ಬಿಟ್ಟರೆ, ಒಣಗಿದ್ದ ಚರ್ಮ ಉಬ್ಬಿಕೊಳ್ಳುತ್ತದೆ. ವಾಲ್ವಿನ ಕೂರುವ ಜಾಗದಲ್ಲಿ ಸಿಕ್ಕಿಕೊಂಡ ಧೂಳು ಗಾಳಿಯ ಜೊತೆಗೆ ಹಾರಿಹೋಗುತ್ತದೆ. ಇಷ್ಟಕ್ಕೂ ಜಗ್ಗದಿದ್ದರೆ ಬಿಚ್ಚಬೇಕು. ಆಗ ಮೊದಲ ಕೆಲಸ, ಒಳಗೆ ಉಳಿದಿರುವ ಗಾಳಿಯನ್ನೆಲ್ಲ ಹೊರಬಿಡುವುದು. ಇಲ್ಲಿ ಒಂದು ಮೋಸವಿದೆ: ಮಿತಿಮೀರಿ ಪಂಪ್ ಮಾಡಿದ ಬಂದೂಕಿನಲ್ಲಿ ಗಾಳಿಯ ಒತ್ತಡವೇ ವಾಲ್ವನ್ನು ಅದುಮಿ ಹಿಡಿಯುವುದರಿಂದ, ಟ್ರಿಗರ್ ಒತ್ತಿದರೂ ಸದ್ದೇ ಬರುವುದಿಲ್ಲ. ಸದ್ದು ಬರಲಿಲ್ಲವೆಂದು ಖಾಲಿ ಎಂದುಕೊಳ್ಳಬಾರದು.

ಹಳೆಯ ಬೆಂಜಮಿನ್, ಶೆರಿಡನ್‌ಗಳಲ್ಲಿ ಹಿತ್ತಾಳೆಯ ನಳಿಗೆಯನ್ನು ಪಂಪಿನ ಕೊಳವೆಗೆ ಬೆಸೆದಿರುತ್ತಾರೆ. ಬಿಗಿಯಾದ ವಾಲ್ವನ್ನು ಸಡಿಲಿಸಲು ಗ್ಯಾಸ್ ಕಟರಿನ ಬೆಂಕಿ ತೋರಿಸಿದರೆ ಬೆಸುಗೆಯೇ ಬಿಟ್ಟುಕೊಳ್ಳುತ್ತದೆ. ಪೈಪ್ ಪಾನಾ ಹಾಕಿದರೆ ಕೊಳವೆ ಚಪ್ಪಟೆಯಾಗುತ್ತದೆ. ವಾಲ್ವಿನ ನಟ್ಟಿಗೆ ಹೊಂದುವ ಎರಡು ಹಲ್ಲಿನ ಪಾನಾವನ್ನು ಕಬ್ಬಿಣದ ಕೊಳವೆಯ ತುಂಡಿನಿಂದ ಯಾವ ಲೇತ್‌ನವರೂ ಮಾಡಿಕೊಡುತ್ತಾರೆ, ಅದಕ್ಕೆ ಖರ್ಚು ಮಾಡಲು ಹಿಂಜರಿಯಬೇಡಿ.

ಇನ್ನು ಚರ್ಮದ ವಾಷರು. ಇದು ಸೈಕಲ್ ಪಂಪಿನ ವಾಷರಿನ ಅಣ್ಣ. ಇದಕ್ಕೆ ಬೇಕಾದದ್ದು ಮರದ ತೊಗಟೆ, ಕಾಯಿಗಳಿಂದ ಹದಮಾಡಿದ ಚರ್ಮ. ಕ್ರೋಮ್ ಹಾಕಿ ಹದಮಾಡಿದ ಮೆತ್ತನೆಯ ಚರ್ಮ ಅಚ್ಚಿನ ಆಕಾರವನ್ನು ಹಿಡಿದುಕೊಳ್ಳುವುದಿಲ್ಲ. ಈ ವಿಷಯದಲ್ಲಿ ನಮ್ಮ ಸೀಮೆ ಅದೃಷ್ಟವಂತ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳು ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಸೂಚಿಕೆಯ ವ್ಯಾಪ್ತಿಯಲ್ಲಿವೆ, ಆ ಚಪ್ಪಲಿಗೆ ಬಳಸುವುದು ಇದೇ ಬಗೆಯ ಚರ್ಮ. ಅಥಣಿಯಲ್ಲಿ ಚಪ್ಪಲಿ ಮಾಡುವವರ ಬಳಿ ಕೇಳಿದರೆ ಎರಡೂವರೆಯಿಂದ ಮೂರು ಮಿಲಿಮೀಟರ್ ದಪ್ಪದ ಒಂದು ತುಂಡು ಸಿಕ್ಕೀತು. ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಬೇಕು, ಕುದಿಯುವ ನೀರಿನಲ್ಲಿ ಹಾಕಿದರೆ ಮುದುಡಿ ಗಟ್ಟಿಯಾಗುತ್ತದೆ. ಪಂಪಿನ ಕೊಳವೆಯ ಒಳಅಳತೆಯ ತೂತನ್ನು ಒಂದು ಮರದ ಹಲಗೆಯಲ್ಲಿ ಕೊರೆದು, ನೆನೆದ ಚರ್ಮವನ್ನು ಅದರ ಮೇಲಿಟ್ಟು, ಅದಕ್ಕಿಂತ ಸಣ್ಣ ಗೂಟದಿಂದ ಮೆಲ್ಲಗೆ ಒಳಗೆ ಒತ್ತಿ, ನೆರಳಿನಲ್ಲಿ ಪೂರ್ತಿ ಒಣಗುವವರೆಗೆ ಹಾಗೆಯೇ ಬಿಡಬೇಕು. ಆಮೇಲೆ ಅಂಚನ್ನು ಹರಿತವಾದ ಬ್ಲೇಡಿನಿಂದ ಸಮನಾಗಿ ಕತ್ತರಿಸಿ, ನಡುವೆ ತೂತು ಹಾಕಿ, ಎಣ್ಣೆಯಲ್ಲಿ ನೆನೆಸಿಡಬೇಕು. ಔಡಲ ಎಣ್ಣೆ ಚರ್ಮಕ್ಕೂ ರಬ್ಬರಿಗೂ ಹಿತ. ಕೊಬ್ಬರಿ ಎಣ್ಣೆ ಬೇಡ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಬೆಳಗಾವಿಯ ಚಳಿಗಾಲದ ಮುಂಜಾವು ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ.

ಬಟ್ಟಲಿನ ಬಾಯಿ ವಾಲ್ವಿನ ಕಡೆಗಿರಬೇಕು, ಏಕೆಂದರೆ ಒತ್ತಡ ಏರಿದಷ್ಟೂ ಅದರ ಅಂಚು ಹರಡಿಕೊಂಡು ಕೊಳವೆಗೆ ಅಂಟಿಕೊಳ್ಳುವುದು ಆಗಲೇ. ಇನ್ನೊಂದು ಸೂಕ್ಷ್ಮವನ್ನು ಬಹಳ ಜನ ಕಡೆಗಣಿಸುತ್ತಾರೆ. ಸನ್ನೆ ಪೂರ್ತಿ ಮುಚ್ಚಿದಾಗ ಪಿಸ್ಟನ್ನಿನ ತುದಿ ವಾಲ್ವನ್ನು ಮುಟ್ಟಬೇಕು. ನಡುವೆ ಜಾಗ ಉಳಿದರೆ ಅಲ್ಲಿನ ಗಾಳಿ ಕುಗ್ಗಿ ಹಿಗ್ಗುತ್ತದೆಯೇ ಹೊರತು ಕೋಣೆಯೊಳಗೆ ಹೋಗುವುದಿಲ್ಲ. ವಾಷರು ದಪ್ಪವಾದರೆ ಸನ್ನೆಯೇ ಮುಚ್ಚುವುದಿಲ್ಲ. ವಾಷರಿನ ಹಿಂದೆ ತೆಳುವಾದ ಬಿಲ್ಲೆಗಳನ್ನು ಇಟ್ಟು ತೆಗೆದು ಇದನ್ನು ಹೊಂದಿಸಬಹುದು.

ಓ-ರಿಂಗಿನದು, ಅಂದರೆ ಗಾಳಿ ಸೋರದಂತೆ ತಡೆಯುವ ರಬ್ಬರಿನ ಉಂಗುರದ್ದು, ಸುಲಭದ ಮಾತು. ಹೈಡ್ರಾಲಿಕ್ ಬಿಡಿಭಾಗಗಳಿಗೆ ಹೆಸರಾದ ಬೆಳಗಾವಿಯಲ್ಲಿ, ಉದ್ಯಮಬಾಗದ ಸುತ್ತಮುತ್ತ, ನೈಟ್ರೈಲ್ ರಬ್ಬರಿನ ಓ-ರಿಂಗ್ ಹುಡುಕುವುದು ಕಷ್ಟವಲ್ಲ. ಹಳೆಯ ರಿಂಗು ಚಪ್ಪಟೆಯಾಗಿರುವುದರಿಂದ ಅದರ ಅಳತೆಯನ್ನು ನಂಬದೆ, ಅದು ಕೂರುವ ತೋಡನ್ನೇ ಅಳೆಯಬೇಕು. ಹೊರಹೋಗುವ ವಾಲ್ವಿನ ಕೂರುವ ಜಾಗವನ್ನು ಸ್ಕ್ರೂಡ್ರೈವರಿನಿಂದ ಕೆರೆಯಬೇಡಿ. ಬಿದಿರುಕಡ್ಡಿಗೆ ಬಟ್ಟೆ ಸುತ್ತಿ ಒರೆಸಿದರೆ ಸಾಕು, ಅಲ್ಲಿ ಕೂದಲೆಳೆಯಷ್ಟು ಗೀರು ಬಿದ್ದರೂ ಹೊಸ ರಬ್ಬರು ಅದನ್ನು ಮುಚ್ಚಲಾರದು.

ಎಲ್ಲವನ್ನೂ ಜೋಡಿಸಿದ ಮೇಲೆ, ಪೆಲೆಟ್ ಹಾಕದೆ, ಸಂಜೆ ಮೂರು ಸಲ ಪಂಪ್ ಮಾಡಿ ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ ಇಡಿ. ಮರುದಿನ ಬೆಳಿಗ್ಗೆ ಸುರಕ್ಷಿತ ದಿಕ್ಕಿಗೆ ಬಿಟ್ಟಾಗ, ಆಗಷ್ಟೇ ಪಂಪ್ ಮಾಡಿ ಬಿಟ್ಟಂಥದೇ ಸದ್ದು ಬಂದರೆ ವಾಲ್ವುಗಳು ಹಿಡಿದಿವೆ. ಸದ್ದು ಸಣ್ಣದಾದರೆ ಬಲೂನಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕಾಗುತ್ತದೆ. ನಮಸ್ಕಾರ.