ಎಲ್ಲವೂ ಓಕೆ ಅಂದರೆ, ಎಷ್ಟು?

"0 ಟೆಸ್ಟ್ ಓಡಿದವು." ಅದರ ಕೆಳಗೇ "ಓಕೆ". ಬರೆದ ಕೋಡ್ ಸರಿಯಿದೆಯೇ ಅಂತ ಟೆಸ್ಟ್‌ಗಳನ್ನು ಓಡಿಸಿ ನೋಡುವ ಟೂಲ್, ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಯೂನಿಟ್‌ಟೆಸ್ಟ್, ಬಹಳ ಕಾಲ ಹೀಗೇ ಹೇಳುತ್ತಿತ್ತು. ಟೆಸ್ಟ್ ಫೈಲಿನ ಹೆಸರು ತಪ್ಪಾಗಿ ಒಂದು ಟೆಸ್ಟೂ ಸಿಗದಿದ್ದರೂ ಓಕೆ. ಆ ಓಕೆ ನಂಬಿ ಯಾರಾದರೂ ಕೋಡ್ ಬಿಡುಗಡೆ ಮಾಡಿದರೆ ಗತಿ ಏನು?

ಇದರ ಬೇರು 'ಎಲ್ಲ' ಅನ್ನೋ ಪದದಲ್ಲೇ ಇದೆ. 'ಪಟ್ಟಿಯಲ್ಲಿರುವುದೆಲ್ಲ ನಿಜವೇ' ಅಂತ ಕೇಳುವ ಪೈಥಾನ್‌ನ ಆಲ್ ಫಂಕ್ಷನ್‌ಗೆ ಖಾಲಿ ಪಟ್ಟಿ ಕೊಟ್ಟು ನೋಡಿ. ಟ್ರೂ ಅನ್ನುತ್ತದೆ. ಅದೇ ಪಟ್ಟಿಯನ್ನು 'ಒಂದಾದರೂ ನಿಜವೇ' ಅಂತ ಕೇಳುವ ಎನಿಗೆ ಕೊಡಿ, ಫಾಲ್ಸ್. ಜಾವಾಸ್ಕ್ರಿಪ್ಟ್‌ನ ಎವ್ರಿ, ಸಮ್ ಕೂಡ ಹಾಗೇ. ಇದು ದೋಷ ಅಲ್ಲ. 'ಎಲ್ಲವೂ ಸರಿ' ಅನ್ನೋದು ಸುಳ್ಳಾಗಬೇಕಾದರೆ ಸರಿಯಿಲ್ಲದ ಒಂದಾದರೂ ಸಿಗಬೇಕು. ಖಾಲಿ ಪಟ್ಟಿಯಲ್ಲಿ ಅದು ಎಲ್ಲಿಂದ ಬರಬೇಕು?

ಮಾತಿನಲ್ಲಿ ಮಾತ್ರ ನಾವು ಹಾಗೆ ಕೇಳಿಸಿಕೊಳ್ಳುವುದಿಲ್ಲ. ಒಂದೂ ಪುಸ್ತಕ ಬರೆಯದವರು "ನನ್ನ ಪುಸ್ತಕಗಳೆಲ್ಲ ಖರ್ಚಾಗಿವೆ" ಅಂದರೆ ನಮಗೆ ಮೋಸ ಅನಿಸುತ್ತದೆ, ಅಲ್ವಾ? ಅರಿಸ್ಟಾಟಲ್‌ನ ತರ್ಕವೂ ನಮ್ಮ ಕಡೆಗೇ ಇತ್ತು. ಅಲ್ಲಿ 'ಎಲ್ಲ' ನಿಜವಾದರೆ 'ಕೆಲವು' ಕೂಡ ನಿಜ. 1879ರಲ್ಲಿ ಜರ್ಮನ್ ತರ್ಕಶಾಸ್ತ್ರಜ್ಞ ಗಾಟ್ಲೋಬ್ ಫ್ರೇಗೆ ಇದನ್ನು ಬದಲಿಸಿದರು. ಯಾವುದೇ ವಸ್ತು ಆಗಲಿ, ಅದು ಇಂಥದ್ದಾಗಿದ್ದರೆ ಹೀಗಿರುತ್ತದೆ, ಅಷ್ಟೇ. ಅಂಥದ್ದು ಇದೆ ಅಂತ ಅವರ 'ಎಲ್ಲ' ಹೇಳುವುದೇ ಇಲ್ಲ. 'ಇದೆ' ಅನ್ನಲು ಬೇರೆ ಚಿಹ್ನೆಯೇ ಬಂತು: 1897ರಲ್ಲಿ ಗಣಿತಜ್ಞ ಪಿಯಾನೊ ಬಳಸಿದ ತಿರುಗಿಸಿದ ಇ (∃). 'ಎಲ್ಲ'ಕ್ಕೆ ತಲೆಕೆಳಗಾದ ಎ (∀) ಬಂದದ್ದು 1935ರಲ್ಲಿ, ತರ್ಕಶಾಸ್ತ್ರಜ್ಞ ಗೆಂಟ್ಸೆನ್ ಅವರಿಂದ.

ಫ್ರೇಗೆ ಮಾಡಿದ್ದೇ ಸರಿ ಅಂತ ನಾನು ನಂಬುತ್ತೇನೆ. ಎರಡು ಬೇರೆ ಮಾತುಗಳನ್ನು ಬೇರೆಯಾಗಿಯೇ ಇಡಬೇಕು. ಆದರೆ ಹಾಗೆ ಬಿಡಿಸಿದ ಮೇಲೆ ಎರಡನ್ನೂ ಕೇಳಬೇಕಾದ ಹೊಣೆ ಕೋಡ್ ಬರೆಯುವವರದ್ದು. ಅದನ್ನೇ ನಾವು ಮರೆಯುತ್ತೇವೆ.

ಪಠ್ಯ ಯಾವ ಮಾದರಿಯಲ್ಲಿರಬೇಕು ಅಂತ ಹೇಳುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಬರೆಯುವಾಗಲೂ ಇದೇ ಕಥೆ. ಅಕ್ಷರದ ಮುಂದೆ ನಕ್ಷತ್ರ (*) ಹಾಕಿದರೆ ಅದು ಸೊನ್ನೆ ಅಥವಾ ಜಾಸ್ತಿ ಸಲ ಬರಬಹುದು. ಪ್ಲಸ್ (+) ಹಾಕಿದರೆ ಕನಿಷ್ಠ ಒಂದು ಸಲ. ಹೆಸರಿನ ಜಾಗದಲ್ಲಿ ಬರೀ ಅಕ್ಷರ ಇರಲಿ ಅಂತ ಸುಮ್ನೆ ನಕ್ಷತ್ರ ಹಾಕಿದಿರೋ, ಏನೂ ತುಂಬದ ಫಾರ್ಮ್ ಕೂಡ ಪಾಸ್ ಆಗುತ್ತದೆ. ಒಂದೇ ಒಂದು ಚಿಹ್ನೆಯ ವ್ಯತ್ಯಾಸ!

ಪೈಥಾನ್‌ನ ಇನ್ನೊಂದು ಟೆಸ್ಟ್ ಟೂಲ್ ಪೈಟೆಸ್ಟ್‌ನವರು ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾರೆ. ಒಂದೂ ಟೆಸ್ಟ್ ಸಿಗದಿದ್ದರೆ ಅದು ಎಕ್ಸಿಟ್ ಕೋಡ್ 5 (ಮುಗಿಯುವಾಗ ಕೊಡುವ ಸಂಖ್ಯೆ; ಸೊನ್ನೆ ಆದರೆ ಮಾತ್ರ ಯಶಸ್ಸು) ಕೊಟ್ಟು ನಿಲ್ಲುತ್ತದೆ. ಪೈಥಾನ್ 3.12ರಿಂದ ಯೂನಿಟ್‌ಟೆಸ್ಟ್ ಕೂಡ ಅದೇ 5 ಕೊಡುತ್ತಿದೆ. ನೀವು ಬಳಸುವ ಟೂಲ್ ಏನು ಮಾಡುತ್ತದೆ? ಇವತ್ತೇ ಒಂದು ಖಾಲಿ ಫೋಲ್ಡರ್ ಕೊಟ್ಟು ಓಡಿಸಿ ನೋಡಿ. ಓಕೆ ಅಂದರೆ, ಅದನ್ನು ನಂಬುವ ಮುಂಚೆ ಟೆಸ್ಟ್‌ಗಳ ಪಟ್ಟಿ ಖಾಲಿಯೇ ಅಂತ ನೋಡುವ ಒಂದು ಸಾಲು ಸೇರಿಸಿಬಿಡಿ. ನಿಮ್ಮ ಕೋಡ್‌ನಲ್ಲಿ ಆಲ್ ಕರೆಯುವ ಮುಂಚೆಯೂ ಅಷ್ಟೇ.