ಬೆಂಗಳೂರಿನಲ್ಲಿ ಓದಿದ ಮಲಯಾಳಂ ಮಹಾಕವಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮಲಯಾಳಂನ ಮಹಾಕವಿ ಕುಮಾರನ್ ಆಶಾನ್ ಬಗ್ಗೆ ಇವತ್ತು ನಾಲ್ಕು ಮಾತು ಆಡಬೇಕು. ಕೇರಳದಲ್ಲಿ ಅವರ ಹೆಸರು ಕೇಳದ ಶಾಲೆಯ ಮಕ್ಕಳಿಲ್ಲ. ಆದರೆ ಅವರು ಮೂರು ವರ್ಷ ಬೆಂಗಳೂರಿನಲ್ಲಿ ಓದಿದವರು ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಆಶಾನ್ ಹುಟ್ಟಿದ್ದು 1873ರಲ್ಲಿ, ತಿರುವನಂತಪುರದ ಉತ್ತರಕ್ಕೆ ಕಡಲ ದಂಡೆಯಲ್ಲಿರುವ ಕಾಯಿಕ್ಕರ ಎಂಬ ಊರಿನಲ್ಲಿ. ಈಳವ ಸಮುದಾಯದ ಮನೆ. ಆಗಿನ ತಿರುವಾಂಕೂರು ಸಂಸ್ಥಾನದಲ್ಲಿ ಈಳವರಿಗೆ ದೊಡ್ಡ ದೇವಸ್ಥಾನಗಳ ಒಳಗೆ ಪ್ರವೇಶವಿರಲಿಲ್ಲ, ಸುತ್ತಲಿನ ರಸ್ತೆಯಲ್ಲಿ ನಡೆಯುವಂತಿರಲಿಲ್ಲ, ಸರ್ಕಾರಿ ಕೆಲಸವೂ ದೂರದ ಮಾತು. ಹುಡುಗನಿಗೆ ಸಂಸ್ಕೃತ ಚೆನ್ನಾಗಿ ಬರುತ್ತಿತ್ತು. ಶೃಂಗಾರದ ಶ್ಲೋಕಗಳನ್ನು ಕಟ್ಟುತ್ತಿದ್ದ. ಶ್ರೀ ನಾರಾಯಣ ಗುರುಗಳು ಅವನನ್ನು ನೋಡಿದರು, ಮೆಚ್ಚಿದರು, ಅಂಥ ಶ್ಲೋಕಗಳನ್ನು ಬಿಡು ಎಂದರು. ಹುಡುಗ ಗುರುಗಳ ಜೊತೆಗೇ ಉಳಿದುಬಿಟ್ಟ.

ಇನ್ನೂ ಓದಿಸಬೇಕು, ಎಲ್ಲಿ ಓದಿಸೋದು? ಇಲ್ಲಿ ಡಾಕ್ಟರ್ ಪಲ್ಪು ಅವರ ಹೆಸರು ಬರುತ್ತದೆ. ಪಲ್ಪು ಅವರೂ ಈಳವರು. ಮದ್ರಾಸಿನಲ್ಲಿ ವೈದ್ಯಕೀಯ ಓದಿ ಊರಿಗೆ ಬಂದರೆ, ಜಾತಿಯ ಕಾರಣಕ್ಕೆ ತಿರುವಾಂಕೂರು ಸರ್ಕಾರ ಕೆಲಸ ಕೊಡಲಿಲ್ಲ. ಮೈಸೂರು ಸರ್ಕಾರ ಕೊಟ್ಟಿತು. ಮೈಸೂರಿನ ನೌಕರಿಯಲ್ಲಿದ್ದುಕೊಂಡೇ ಅವರು 1896ರಲ್ಲಿ ತಿರುವಾಂಕೂರಿನ ಮಹಾರಾಜರಿಗೆ ಈಳವರ ಮನವಿ ಸಲ್ಲಿಸಿದರು. ಅದರಲ್ಲಿ 13,176 ಸಹಿಗಳಿದ್ದವು. ಗುರುಗಳು ತಮ್ಮ ಶಿಷ್ಯನನ್ನು ಬೆಂಗಳೂರಿಗೆ ಕಳಿಸಿದ್ದು ಇದೇ ಪಲ್ಪು ಅವರ ಮನೆಗೆ. ಮನೆಯವರಿಗೆ ಅವನು 'ಚಿನ್ನಸ್ವಾಮಿ' ಆದ. ಚಾಮರಾಜಪೇಟೆಯಲ್ಲಿ ಈಗಲೂ ಇರುವ ಚಾಮರಾಜೇಂದ್ರ ಸಂಸ್ಕೃತ ಕಾಲೇಜಿನಲ್ಲಿ ನ್ಯಾಯಶಾಸ್ತ್ರ, ಅಂದರೆ ತರ್ಕಶಾಸ್ತ್ರ ಓದಿದ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪಲ್ಪು ಪ್ಲೇಗಿನ ರೋಗಿಗಳ ಸೇವೆಗೆ ನಿಂತರು. ಆಶಾನ್ ಇಲ್ಲಿಂದ ಹೊರಟು, ಕೊನೆಗೆ ಕಲ್ಕತ್ತೆಯ ಸಂಸ್ಕೃತ ಕಾಲೇಜು ಸೇರಿದರು.

1903ರಲ್ಲಿ ಈಳವರ ಏಳಿಗೆಗಾಗಿ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗಂ, ಅಂದರೆ ಎಸ್.ಎನ್.ಡಿ.ಪಿ. ಯೋಗಂ ಎಂಬ ಸಂಘ ಹುಟ್ಟಿತು. ನಾರಾಯಣ ಗುರುಗಳು ಅಧ್ಯಕ್ಷರು, ಆಶಾನ್ ಕಾರ್ಯದರ್ಶಿ. ಸುಮಾರು 16 ವರ್ಷ ಈ ಕೆಲಸ. ಪತ್ರ ಬರೆಯೋದು, ಲೆಕ್ಕ ಇಡೋದು, ಊರೂರು ಸುತ್ತೋದು, 'ವಿವೇಕೋದಯಂ' ಪತ್ರಿಕೆ ನಡೆಸೋದು. ಈ ಓಡಾಟದ ನಡುವೆಯೇ 1907ರಲ್ಲಿ 'ವೀಣ ಪೂವು' ಬಂತು. ಬಿದ್ದ ಹೂವೊಂದನ್ನು ಕುರಿತ 41 ಶ್ಲೋಕಗಳು, ಅಷ್ಟೇ. ದೇವರಿಲ್ಲ, ರಾಜನಿಲ್ಲ, ಪುರಾಣವಿಲ್ಲ. ಮೊಗ್ಗಾಗಿ, ಅರಳಿ, ದುಂಬಿಗೆ ಸೋತು, ಮಣ್ಣಿಗೆ ಬಿದ್ದ ಒಂದು ಹೂವು. ಮಲಯಾಳಂ ಕವಿತೆಯ ದಾರಿ ತಿರುಗಿದ್ದು ಅಲ್ಲೇ ಎಂದು ಅಲ್ಲಿಯವರು ಹೇಳುತ್ತಾರೆ. ಆಶಾನ್ ಒಂದೂ ಮಹಾಕಾವ್ಯ ಬರೆಯಲಿಲ್ಲ. ಆದರೂ ಜನ ಅವರನ್ನು ಮಹಾಕವಿ ಎಂದು ಕರೆದರು.

ಆಮೇಲೆ 'ನಳಿನಿ', 'ಲೀಲ'. ಎರಡೂ ಪ್ರೇಮದ ಕಥೆಗಳು. ಇವನ್ನು ಓದಿ ಕೆಲವರು ಆಶಾನ್ ಅವರನ್ನು ಎರಡು ಭಾಗ ಮಾಡುತ್ತಾರೆ: ಪ್ರೇಮದ ಕವಿ ಒಬ್ಬ, ಸಮಾಜ ಸುಧಾರಕ ಇನ್ನೊಬ್ಬ. ನನಗೆ ಹಾಗೆ ಅನ್ನಿಸುವುದಿಲ್ಲ. ಮನುಷ್ಯರು ಮನುಷ್ಯರ ಹತ್ತಿರ ಬರಬೇಕು ಅನ್ನೋ ಒಂದೇ ಹಂಬಲ ಎರಡೂ ಕಡೆ ಇದೆ.

1919ರ 'ಚಿಂತಾವಿಷ್ಟಯಾಯ ಸೀತ' ತೆಗೆದುಕೊಳ್ಳಿ. ವಾಲ್ಮೀಕಿಯ ಆಶ್ರಮ, ಸಂಜೆ ಹೊತ್ತು. ಮಕ್ಕಳು ಮುನಿಯ ಜೊತೆ ಅಯೋಧ್ಯೆಗೆ ಹೋಗಿದ್ದಾರೆ. ಸೀತೆ ಒಬ್ಬಳೇ ಕೂತು ಯೋಚಿಸುತ್ತಾಳೆ. ರಾಮ ತನಗೆ ಮಾಡಿದ್ದು ಸರಿಯೇ? ತಪಸ್ಸು ಮಾಡುತ್ತಿದ್ದ ಶೂದ್ರ ಮುನಿಯನ್ನು ಕೊಂದದ್ದು ಸರಿಯೇ? ತನ್ನ ನೋವು ಹೇಳುತ್ತಾ ಹೇಳುತ್ತಾ ಇನ್ನೊಬ್ಬರ ನೋವೂ ಅವಳಿಗೆ ಕಾಣುತ್ತದೆ. ನಮ್ಮ ಕುವೆಂಪು ಅದೇ ಶಂಬೂಕನ ಕಥೆ ಹಿಡಿದು 'ಶೂದ್ರ ತಪಸ್ವಿ' ಬರೆದದ್ದು 25 ವರ್ಷ ಆದಮೇಲೆ. ಕೊನೆಗೆ ಸೀತೆ ಕೇಳುತ್ತಾಳೆ: ಮತ್ತೆ ರಾಜನ ಮುಂದೆ ಹೋಗಿ, ಸಾಕ್ಷಿ ಕೊಟ್ಟು, ರಾಣಿಯಾಗಿ ಕೂರಬೇಕಾ? ನಾನೇನು ಬೊಂಬೆಯಾ? ನೂರು ವರ್ಷ ದಾಟಿದರೂ ಈ ಪ್ರಶ್ನೆಯ ಬಿಸಿ ಆರಿಲ್ಲ.

1922ರಲ್ಲಿ ಎರಡು ಕಾವ್ಯಗಳು ಬಂದವು. 'ದುರವಸ್ಥ'ದಲ್ಲಿ, 1921ರಲ್ಲಿ ಮಾಪಿಳ್ಳೆ ಮುಸ್ಲಿಮರು ಎದ್ದ ಮಲಬಾರ್ ದಂಗೆಯಲ್ಲಿ ಎಲ್ಲವನ್ನೂ ಕಳೆದುಕೊಂಡ ನಂಬೂದಿರಿ ಬ್ರಾಹ್ಮಣ ಹುಡುಗಿ, ಆಶ್ರಯ ಕೊಟ್ಟ ಚಾತ್ತನನ್ನು ಮದುವೆಯಾಗುತ್ತಾಳೆ. ಚಾತ್ತ ಅಸ್ಪೃಶ್ಯರೆನಿಸಿದ್ದ ಪುಲಯ ಜಾತಿಯವನು. ಮುಸ್ಲಿಮರನ್ನು ಚಿತ್ರಿಸಿದ ರೀತಿಗೆ ಆಗಲೇ ಆಕ್ಷೇಪ ಬಂತು. ಆ ಆಕ್ಷೇಪದಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ಆದರೂ ಜಾತಿಯ ಕಟ್ಟಳೆಗಳನ್ನು ನೀವೇ ಬದಲಿಸಿ, ಇಲ್ಲವಾದರೆ ಅವು ನಿಮ್ಮನ್ನೇ ಬದಲಿಸುತ್ತವೆ ಎಂದು ಅದರಲ್ಲಿ ಅವರು ಕೊಟ್ಟ ಎಚ್ಚರಿಕೆಯನ್ನು ಕೇರಳ ಮರೆತಿಲ್ಲ.

ಇನ್ನೊಂದು 'ಚಂಡಾಲಭಿಕ್ಷುಕಿ'. ಸುಡು ಬಿಸಿಲು. ಬುದ್ಧನ ಶಿಷ್ಯ ಆನಂದ ಬಾವಿಯ ಹತ್ತಿರ ಬಂದು, ನೀರು ಸೇದುತ್ತಿದ್ದ ಮಾತಂಗಿಯನ್ನು ನೀರು ಕೇಳುತ್ತಾನೆ. ಹುಡುಗಿ ಬೆದರುತ್ತಾಳೆ. ಕೀಳು ಜಾತಿಯವಳು, ನನ್ನ ಕೈಯ ನೀರು ಹೇಗೆ ಕೊಡಲಿ ಅನ್ನುತ್ತಾಳೆ. ಆಗ ಆನಂದ ಹೇಳುವ ಮಾತು ಇದು: 'ಜಾತಿ ಚೋದಿಕ್ಕುನ್ನಿಲ್ಲ ಞಾನ್ ಸೋದರೀ, ಚೋದಿಕ್ಕುನ್ನು ನೀರ್ ನಾವು ವರಂಡಹೋ.' ತಂಗೀ, ನಾನು ಜಾತಿ ಕೇಳುತ್ತಿಲ್ಲ, ನಾಲಿಗೆ ಒಣಗಿದೆ, ನೀರು ಕೇಳುತ್ತಿದ್ದೇನೆ. ಬಾವಿಗಳೇ ಜಾತಿಗೊಂದು ಇದ್ದ ಕಾಲದಲ್ಲಿ ಇದನ್ನು ಬರೆಯೋದು ಸುಮ್ನೆ ಅಲ್ಲ. ಓದಿದವರಿಗೆ ಕಥೆ ಬುದ್ಧನ ಕಾಲದ ಶ್ರಾವಸ್ತಿ ನಗರದ್ದಲ್ಲ, ತಮ್ಮ ಊರಿನದ್ದೇ ಎಂದು ಗೊತ್ತಿತ್ತು.

1924ರ ಜನವರಿಯಲ್ಲಿ ಕೊಲ್ಲಂನಿಂದ ಆಲಪ್ಪುಳಕ್ಕೆ 'ರಿಡೀಮರ್' ಎಂಬ ಬೋಟಿನಲ್ಲಿ ಹೊರಟಿದ್ದರು. ಬೋಟಿನಲ್ಲಿ ಜನ ಜಾಸ್ತಿ ಇದ್ದರು. ಪಲ್ಲನ ಎಂಬಲ್ಲಿ, ಬೆಳಗಾಗುವ ಮೊದಲೇ ಬೋಟು ಮಗುಚಿತು. ಆಶಾನ್ ನೀರಿನಲ್ಲಿ ಮುಳುಗಿ ತೀರಿಕೊಂಡರು. ಅವರಿಗೆ ಆಗ 50 ವರ್ಷ. ಇನ್ನೂ ಎಷ್ಟು ಬರೆಯಬಹುದಿತ್ತು ಎಂದು ನೆನೆದರೆ ಸಂಕಟವಾಗುತ್ತದೆ. ಅದೇ ವರ್ಷ ಮಾರ್ಚ್ 30ಕ್ಕೆ ತಿರುವಾಂಕೂರಿನ ವೈಕಂ ಊರಿನಲ್ಲಿ ವೈಕಂ ಸತ್ಯಾಗ್ರಹ ಶುರುವಾಯಿತು. ದೇವಸ್ಥಾನದ ಸುತ್ತಲಿನ ರಸ್ತೆ ಎಲ್ಲರಿಗೂ ಸೇರಬೇಕು ಅನ್ನೋದು ಅದರ ಬೇಡಿಕೆ. ಅದನ್ನು ನೋಡಲು ಆಶಾನ್ ಇರಲಿಲ್ಲ.

ತಿರುವನಂತಪುರದ ಕಡೆ ಹೋಗುವವರು ತೋನ್ನಯ್ಕಲ್‌ಗೆ ಹೋಗಿ ಬನ್ನಿ. ಆಶಾನ್ ಬದುಕಿದ್ದ ಮನೆಯನ್ನು ಅಲ್ಲಿ ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಮಲಯಾಳಂ ಬಲ್ಲ ಗೆಳೆಯರಿದ್ದರೆ 'ಚಂಡಾಲಭಿಕ್ಷುಕಿ'ಯ ಬಾವಿಯ ಭಾಗವನ್ನು ಗಟ್ಟಿಯಾಗಿ ಓದಿಸಿ ಕೇಳಿ. ಅರ್ಧಕ್ಕರ್ಧ ನಿಮಗೇ ತಿಳಿಯುತ್ತದೆ. ನಮಸ್ಕಾರ.